ಸರ್ವರ್ ದಿಢೀರನೆ ಸತ್ತರೂ ವರ್ಚುವಲ್ ಮೆಷಿನ್‌ಗಳು ನಿಲ್ಲಬಾರದು ಎಂದರೆ ಎರಡು ಸರ್ವರ್, ಲೈವ್ ಮೈಗ್ರೇಷನ್ ಸಾಕೇ?

ಸಾಲದು. ನಿಮ್ಮ ಬಳಿ ವರ್ಚುವಲ್ ಮೆಷಿನ್‌ಗಳನ್ನು (ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳನ್ನು) ಓಡಿಸುವ ಎರಡು ಸರ್ವರ್‌ಗಳಿವೆ, ಲೈವ್ ಮೈಗ್ರೇಷನ್ (ಓಡುತ್ತಿರುವ ಮೆಷಿನ್ ಅನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸುವುದು) ಚೆನ್ನಾಗಿ ಕೆಲಸ ಮಾಡುತ್ತಿದೆ, ಹಾಗಾಗಿ ಒಂದು ಕೆಟ್ಟರೆ ಇನ್ನೊಂದು ತಾನಾಗಿಯೇ ಮುಂದುವರಿಸುತ್ತದೆ ಎಂದುಕೊಂಡಿದ್ದೀರಿ. ಆದರೆ ಲೈವ್ ಮೈಗ್ರೇಷನ್ ಮಾಡುವುದು ಬದುಕಿರುವ ಸರ್ವರ್‌ನ ಮೆಮೊರಿಯನ್ನು ಇನ್ನೊಂದಕ್ಕೆ ನಕಲಿಸುವ ಕೆಲಸವನ್ನು. ಕೊಡುವವನೇ ಸತ್ತಿದ್ದರೆ ನಕಲಿಸುವುದು ಎಲ್ಲಿಂದ? ಮುನ್ಸೂಚನೆ ಸಿಕ್ಕಾಗ ಅದು ಬಹಳ ಉಪಯುಕ್ತ: ಇಸಿಸಿ ಮೆಮೊರಿ ಪದೇ ಪದೇ ದೋಷ ಸರಿಪಡಿಸಿದ್ದಾಗಿ ವರದಿ ಮಾಡುತ್ತಿದ್ದರೆ, ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೈಕೊಟ್ಟಿದ್ದರೆ, ಎಲ್ಲವನ್ನೂ ಆ ಕಡೆಗೆ ಸಾಗಿಸಿ ನೆಮ್ಮದಿಯಾಗಿ ರಿಪೇರಿ ಮಾಡಬಹುದು. ಮದರ್‌ಬೋರ್ಡ್ ಒಮ್ಮೆಗೇ ಸುಟ್ಟುಹೋದರೆ ಅದರಿಂದ ಏನೂ ಪ್ರಯೋಜನವಿಲ್ಲ.

ಆಗ ನೆರವಿಗೆ ಬರುವುದು ‘ಹೈ ಅವೈಲಬಿಲಿಟಿ’. ಈ ಹೆಸರು ಅನೇಕರನ್ನು ದಾರಿ ತಪ್ಪಿಸಿದೆ. ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ತಂತ್ರಾಂಶಗಳಾದ ವಿಎಂವೇರ್ ಆಗಲಿ, ಪ್ರಾಕ್ಸ್‌ಮಾಕ್ಸ್ ಆಗಲಿ, ಈ ಹೆಸರಿನಲ್ಲಿ ಮಾಡುವುದು ಸತ್ತ ಸರ್ವರ್‌ನ ವರ್ಚುವಲ್ ಮೆಷಿನ್‌ಗಳನ್ನು ಬೇರೆ ಸರ್ವರ್‌ನಲ್ಲಿ ಹೊಸದಾಗಿ ಬೂಟ್ ಮಾಡುವ ಕೆಲಸ. ಮೆಮೊರಿಯಲ್ಲಿ ಇದ್ದದ್ದೆಲ್ಲ ಹೋಯಿತು. ಡಿಸ್ಕ್ ಮಾತ್ರ ಕರೆಂಟ್ ಹೋದ ಕ್ಷಣದಲ್ಲಿ ಹೇಗಿತ್ತೋ ಹಾಗೆ ಸಿಗುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ದೋಷ ಪತ್ತೆಯಾಗಿ ಕೆಲಸ ಇನ್ನೊಂದು ಸರ್ವರ್‌ಗೆ ದಾಟಲು ಸಾಮಾನ್ಯವಾಗಿ ಸುಮಾರು 2 ನಿಮಿಷ ಬೇಕು, ಒಳಗಿನ ಆಪರೇಟಿಂಗ್ ಸಿಸ್ಟಂ ಏಳುವ ಹೊತ್ತು ಬೇರೆ.

ಇಷ್ಟು ತಡ ಏಕೆ ಎಂದು ಸಿಡುಕುವವರಿದ್ದಾರೆ. ಹಿಂದೆ ನಾನೂ ಸಿಡುಕುತ್ತಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಜೋಡಿಯಲ್ಲಿ, ನಿಮ್ಮಲ್ಲಿರುವಂತೆಯೇ, ಎರಡೇ ಸರ್ವರ್‌ಗಳಿದ್ದವು. ಇಂಥ ಗುಂಪಿನಲ್ಲಿ ಪ್ರತಿ ಸರ್ವರ್‌ಗೂ ಒಂದು ಮತ, ಬಹುಮತ ಇರುವ ಕಡೆ ಮಾತ್ರ ಕೆಲಸ ಮುಂದುವರಿಯುತ್ತದೆ. ಒಬ್ಬನೇ ಉಳಿದರೂ ಕೆಲಸ ನಡೆಯಲಿ ಎಂದು, ತನ್ನದೊಂದೇ ಮತವಿದ್ದರೂ ಬಹುಮತ ಎಂದು ಪ್ರತಿಯೊಂದು ಸರ್ವರ್ ಭಾವಿಸುವಂತೆ ನಾನೇ ಸೆಟ್ಟಿಂಗ್ ಬದಲಿಸಿದ್ದೆ. ಒಂದು ಮಧ್ಯಾಹ್ನ ಅವೆರಡರ ನಡುವಿನ ಸ್ವಿಚ್ ಕೆಟ್ಟಿತು. ಸರ್ವರ್‌ಗಳೆರಡೂ ಗುಂಡುಕಲ್ಲಿನಂತಿದ್ದವು. ಆದರೆ ‘ಆ ಕಡೆಯವನು ಸತ್ತ’ ಎಂದು ಎರಡೂ ತೀರ್ಮಾನಿಸಿದವು. ಸ್ಟೋರೇಜ್‌ನ ದಾರಿ ಬೇರೆ ಸ್ವಿಚ್‌ನ ಮೂಲಕ ಹಾದುಹೋಗುತ್ತಿದ್ದುದರಿಂದ ಡಿಸ್ಕ್ ಇಬ್ಬರ ಕೈಗೂ ಸಿಗುತ್ತಿತ್ತು. ಒಂದೇ ಡೇಟಾಬೇಸ್ ಮೆಷಿನ್ ಎರಡೂ ಕಡೆ ಓಡಿತು, ಒಂದೇ ಡಿಸ್ಕ್‌ಗೆ ಎರಡೂ ಕಡೆಯಿಂದ ಬರೆಯಿತು. ಕೆಲವೇ ನಿಮಿಷಗಳಲ್ಲಿ ಫೈಲ್ ಸಿಸ್ಟಂ ಕಲಸುಮೇಲೋಗರ. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ, ಅಂದಿನ ನಮೂದುಗಳನ್ನೆಲ್ಲ ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕಾಯಿತು. ಸರ್ವರ್ ನಿಜವಾಗಿಯೂ ಸತ್ತಿದ್ದರೆ ಹೋಗುತ್ತಿದ್ದದ್ದು ಕೆಲವು ನಿಮಿಷ; ಸತ್ತಿದೆ ಎಂದು ತಪ್ಪು ತಿಳಿದದ್ದಕ್ಕೆ ಇಡೀ ದಿನ ಹೋಯಿತು.

ಆದ್ದರಿಂದ ಮೊದಲು ಮೂರನೆಯ ಮತವನ್ನು ಸೇರಿಸಿ. ಅದಕ್ಕೆ ದೊಡ್ಡ ಸರ್ವರ್ ಬೇಡ, ಮತ ಹಾಕುವುದಕ್ಕಷ್ಟೇ ಒಂದು ಪುಟ್ಟ ಯಂತ್ರ ಸಾಕು; ಆದರೆ ಅದು ಈ ಎರಡು ಸರ್ವರ್‌ಗಳ ಒಳಗಿನ ವರ್ಚುವಲ್ ಮೆಷಿನ್ ಆಗಿರಕೂಡದು. ಮೂರು ಮತಗಳಿದ್ದಾಗ ಒಂಟಿಯಾದ ಸರ್ವರ್‌ಗೆ ಬಹುಮತ ತಪ್ಪುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಾದರೆ 60 ಸೆಕೆಂಡುಗಳ ವಾಚ್‌ಡಾಗ್ (ಕಾವಲು ಟೈಮರ್) ಅದನ್ನು ಬಲವಂತವಾಗಿ ರೀಸೆಟ್ ಮಾಡುತ್ತದೆ. ಅದು ಹೋಗಿದೆ ಎಂಬ ಖಾತರಿಯಾದ ಮೇಲಷ್ಟೇ ಉಳಿದವರು ಅದರ ಕೆಲಸವನ್ನು ಎತ್ತಿಕೊಳ್ಳುತ್ತಾರೆ. ತಡವಾಗುವುದು ಇದಕ್ಕೇ.

ಡಿಸ್ಕ್ ಎಲ್ಲಿದೆ ಎಂಬುದನ್ನು ನೀವು ಬರೆದಿಲ್ಲ. ಸತ್ತ ಸರ್ವರ್‌ನ ಹೊಟ್ಟೆಯೊಳಗೇ ಇದ್ದರೆ ಇನ್ನೊಂದು ಏನನ್ನು ಬೂಟ್ ಮಾಡಬೇಕು? ಪ್ರಾಕ್ಸ್‌ಮಾಕ್ಸ್‌ನ ಝೆಡ್‌ಎಫ್‌ಎಸ್ ನಕಲು (ಒಂದು ಸರ್ವರ್‌ನ ಡಿಸ್ಕ್ ಅನ್ನು ಇನ್ನೊಂದಕ್ಕೆ ಪ್ರತಿ ಮಾಡುವುದು), ನೀವು ಬದಲಿಸದ ಹೊರತು, 15 ನಿಮಿಷಕ್ಕೊಮ್ಮೆ ನಡೆಯುತ್ತದೆ. ಅಂದರೆ ಕೊನೆಯ ಕಾಲು ಗಂಟೆಯ ಕೆಲಸ ಕಳೆದುಹೋಗಬಹುದು. ಹಂಚಿಕೊಂಡ ಸ್ಟೋರೇಜ್‌ನಲ್ಲಿ (ಎರಡೂ ಸರ್ವರ್‌ಗಳು ಬಳಸುವ ಹೊರಗಿನ ಡಿಸ್ಕ್ ಪೆಟ್ಟಿಗೆಯಲ್ಲಿ) ಆ ನಷ್ಟವಿಲ್ಲ, ಆದರೆ ಆ ಪೆಟ್ಟಿಗೆ ಒಂದೇ ಇದ್ದರೆ ಅಪಾಯ ಅಲ್ಲಿಗೆ ಹೋಗಿ ಕೂತಿತು ಅಷ್ಟೆ. ಸರ್ವರ್‌ಗಳ ಡಿಸ್ಕ್‌ಗಳನ್ನೇ ಒಟ್ಟುಗೂಡಿಸಿ ಬಳಸುವ ಸೆಫ್‌ನಲ್ಲಿ ಮೂರು ಪ್ರತಿ ಇಡುವುದಾದರೆ ಸರ್ವರ್‌ಗಳೂ ಮೂರು ಬೇಕು.

ಇನ್ನು, ಒಂದು ಕ್ಷಣವೂ ನಿಲ್ಲಬಾರದು ಎಂಬ ನಿಮ್ಮ ಮೂಲ ಬೇಡಿಕೆ. ಅಂಥದ್ದು ಇದೆ. ವಿಎಂವೇರ್‌ನ ಫಾಲ್ಟ್ ಟಾಲರೆನ್ಸ್ 2009ರಲ್ಲಿ ವಿಸ್ಫಿಯರ್ 4ರ ಜೊತೆ ಬಂದಾಗ ಒಂದೇ ಒಂದು ವರ್ಚುವಲ್ ಸಿಪಿಯು ಇರುವ ಮೆಷಿನ್‌ಗೆ ಸೀಮಿತವಾಗಿತ್ತು. 2015ರ ವಿಸ್ಫಿಯರ್ 6ರಲ್ಲಿ ಆ ಮಿತಿ ನಾಲ್ಕಕ್ಕೇರಿತು. ಝೆನ್ ಎಂಬ ಇಂಥದ್ದೇ ಇನ್ನೊಂದು ತಂತ್ರಾಂಶಕ್ಕಾಗಿ 2008ರಲ್ಲಿ ಪ್ರಕಟವಾದ ರೀಮಸ್‌ನ ಕೆಲಸವನ್ನು ನೋಡಿದರೆ ಇದರ ಬೆಲೆ ಅರ್ಥವಾಗುತ್ತದೆ. ಅದು ಸೆಕೆಂಡಿಗೆ 40 ಬಾರಿಯವರೆಗೆ ಬದಲಾದ ಮೆಮೊರಿಯನ್ನು ಇನ್ನೊಂದು ಸರ್ವರ್‌ಗೆ ಕಳುಹಿಸುತ್ತದೆ, ಮತ್ತು ಆ ಪ್ರತಿ ತಲುಪಿತು ಎಂಬ ಉತ್ತರ ಬರುವವರೆಗೆ ಹೊರಹೋಗುವ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ತಡೆದಿಡುತ್ತದೆ. ಹೊರಗಿನವರಿಗೆ ಒಮ್ಮೆ ಕೊಟ್ಟ ಉತ್ತರವನ್ನು ಬದಲಿ ಮೆಷಿನ್ ಮರೆತಿರಬಾರದಲ್ಲ. ಆ ಕಾಯುವಿಕೆ ಪ್ರತಿ ಉತ್ತರದ ಮೇಲೂ ಬೀಳುತ್ತದೆ. ಇಷ್ಟೆಲ್ಲ ಮಾಡಿದರೂ, ಒಳಗಿನ ಆಪರೇಟಿಂಗ್ ಸಿಸ್ಟಂ ತನ್ನದೇ ದೋಷದಿಂದ ಕುಸಿದರೆ ಬದಲಿ ಮೆಷಿನ್ ಆ ಕುಸಿತವನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ಬದಲಾಯಿಸಲು ಸಾಧ್ಯವೇ ಇಲ್ಲದ ಹಳೆಯ ತಂತ್ರಾಂಶಕ್ಕೆ ಮಾತ್ರ ನಾನು ಆ ದಾರಿಯನ್ನು ಸೂಚಿಸುತ್ತೇನೆ. ಉಳಿದದ್ದಕ್ಕೆ ಮೆಷಿನ್ ಸಾಯಲಿ, ಸೇವೆ ಉಳಿಯಲಿ: ಡೇಟಾಬೇಸ್ ತನ್ನ ಪ್ರತಿಯನ್ನು ಇನ್ನೊಂದು ಸರ್ವರ್‌ನಲ್ಲಿ ತಾನೇ ಇಟ್ಟುಕೊಳ್ಳಲಿ, ವೆಬ್‌ಗೆ ಎರಡು ಮೆಷಿನ್‌ಗಳಿರಲಿ, ಅವು ಬೇರೆ ಬೇರೆ ಸರ್ವರ್‌ಗಳಲ್ಲೇ ಇರಬೇಕು ಎಂಬ ನಿಯಮವನ್ನೂ ಹಾಕಿಡಿ. ಆ ನಿಯಮವಿಲ್ಲದೆ ಎರಡೂ ಒಂದೇ ಸರ್ವರ್‌ಗೆ ಸೇರಿಕೊಂಡು ಜೊತೆಯಾಗಿ ಸತ್ತದ್ದನ್ನು ನೋಡಿದ್ದೇನೆ. ಎರಡೂ ಸರ್ವರ್‌ಗಳ ಮೆಮೊರಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಉಳಿದೊಂದಕ್ಕೆ ಎಲ್ಲರನ್ನೂ ಹೊರಲು ಆಗುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಎಲ್ಲ ಆದ ಮೇಲೆ ಒಂದು ಸರ್ವರ್‌ನ ಪವರ್ ಕೇಬಲ್‌ಗಳನ್ನು ಕಿತ್ತು ಗಡಿಯಾರ ನೋಡುತ್ತಾ ನಿಲ್ಲಿ. ಮೆನುವಿನಿಂದ ಶಟ್‌ಡೌನ್ ಮಾಡಿದರೆ ಅದು ಪರೀಕ್ಷೆಯಲ್ಲ, ಹಾರ್ಡ್‌ವೇರ್ ಹೇಳಿಕೇಳಿ ಸಾಯುವುದಿಲ್ಲ. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದು ಮೆಷಿನ್ ಬಿಟ್ಟು ಉಳಿದೆಲ್ಲವೂ ಎದ್ದವು. ಕಾರಣ ಹುಡುಕಿದರೆ, ಇನ್‌ಸ್ಟಾಲ್ ಮಾಡಿದ ದಿನ ಅದರ ಸಿಡಿ ಡ್ರೈವ್‌ಗೆ ಹಾಕಿದ್ದ ಐಎಸ್ಒ ಫೈಲ್ (ಸಿಡಿಯ ಪ್ರತಿರೂಪ) ಹಾಗೆಯೇ ಉಳಿದುಬಿಟ್ಟಿತ್ತು. ಆ ಫೈಲ್ ಇದ್ದದ್ದು ನಾನು ಕೇಬಲ್ ಕಿತ್ತ ಸರ್ವರ್‌ನ ಡಿಸ್ಕ್‌ನಲ್ಲಿ. ನಿಮ್ಮ ಮೆಷಿನ್‌ಗಳ ಸಿಡಿ ಡ್ರೈವ್‌ಗಳು ಖಾಲಿ ಇವೆಯೇ ಎಂದು ಕೇಬಲ್ ಕೀಳುವ ಮೊದಲೇ ಒಮ್ಮೆ ನೋಡಿಬಿಡಿ.