ಕುಗ್ಗಿದ್ದು ಎದೆಯೋ, ನೀತಿಯೋ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಕಬಡ್ಡಿ ಪಂದ್ಯದ ಮೊದಲರ್ಧದಲ್ಲಿ ನಮ್ಮ ಹುಡುಗಿಯರು ಎರಡು ಸಲ ಆಲೌಟ್ ಆದರು. ಆಮೇಲೆ ಚೇತರಿಸಿಕೊಂಡು, ಕೊನೆಗೆ ಮೂರೇ ಅಂಕಗಳಿಂದ ಸೋತರು. ವಿರಾಮದ ಹೊತ್ತಿಗೆ ಅವರು ‘ಡಿಮಾರಲೈಸ್ಡ್’ ಆಗಿದ್ದರು ಎಂದು ವಾರ್ಷಿಕ ವರದಿಯ ಇಂಗ್ಲಿಷ್ ಭಾಗದಲ್ಲಿ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಹಳೆಯ ನಿಘಂಟು ತೆರೆದು, ‘ಇದಕ್ಕೆ ನೀತಿಗೆಡಿಸು ಎಂಬ ಅರ್ಥವಿದೆ, ಹೆಣ್ಣುಮಕ್ಕಳ ಬಗ್ಗೆ ಹೀಗೆ ಬರೆಯಬಾರದು’ ಎಂದರು. ನಾನು ಬರೆದದ್ದು ತಪ್ಪೇ?
– ಓದುಗರು, ಕುಮಟಾ

ಉತ್ತರ: ತಪ್ಪಲ್ಲ ಮಾಸ್ತರರೇ. ನಿಮ್ಮ ಹಿರಿಯರು ನೋಡಿದ ನಿಘಂಟೂ ಸುಳ್ಳು ಹೇಳಿಲ್ಲ. ಅದು ಆ ಪದದ ಹುಟ್ಟಿನ ಅರ್ಥವನ್ನು ಹೇಳಿದೆ, ನೀವು ಇಂದಿನ ಅರ್ಥದಲ್ಲಿ ಬಳಸಿದ್ದೀರಿ.

ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಫ್ರಾನ್ಸಿನ ಕ್ರಾಂತಿಯ ಕುರಿತು 1794ರಲ್ಲಿ ಒಂದು ಕಿರುಹೊತ್ತಗೆ ಬರೆದ. ಯುದ್ಧಗಳು ಜನರ ನಡತೆಯನ್ನು ಕೆಡಿಸುತ್ತವೆ ಎನ್ನುವುದಕ್ಕೆ ಅದರಲ್ಲಿ ಈ ಪದವನ್ನು ಬಳಸಿದ. ಬದುಕಿನಲ್ಲಿ ತಾನು ಟಂಕಿಸಿದ್ದು ಇದೊಂದೇ ಪದ ಎಂದು ಅವನು ಹೇಳಿಕೊಂಡದ್ದು ದಾಖಲೆಯಲ್ಲಿದೆ. ಫ್ರೆಂಚಿನಲ್ಲಿಯೂ ಸುಮಾರು ಅದೇ ಕಾಲಕ್ಕೆ ಇದರ ಜೋಡಿಪದ ಚಲಾವಣೆಗೆ ಬಂದಿತ್ತು. 1828ರ ತನ್ನ ದೊಡ್ಡ ನಿಘಂಟಿನಲ್ಲಿಯೂ ವೆಬ್‌ಸ್ಟರ್ ಕೊಟ್ಟದ್ದು ನೀತಿಗೆಡಿಸು ಎಂಬ ಅರ್ಥವನ್ನೇ. ಹತ್ತೊಂಬತ್ತನೆಯ ಶತಮಾನ ಸಾಗಿದಂತೆ ಸೈನ್ಯದ ವಿಚಾರ ಬರೆಯುವವರು ಇದನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಸೋತ ದಂಡು ಆಯುಧ ಕೈಯಲ್ಲಿದ್ದೂ ಹೋರಾಡಲಾರದ ಸ್ಥಿತಿಗೆ ಬರುತ್ತದಲ್ಲ, ಅದಕ್ಕೆ. ಇಂದು ಉಳಿದು ಬೆಳೆದಿರುವುದು ಈ ಎರಡನೆಯ ಅರ್ಥ. ಮೊದಲನೆಯದು ನಿಘಂಟಿನಲ್ಲಿದೆ, ಮಾತಿನಲ್ಲಿ ಅಪರೂಪ.

ಗೊಂದಲಕ್ಕೆ ಇನ್ನೊಂದು ಕಾರಣ ಎರಡು ಅವಳಿ ನಾಮಪದಗಳು. ‘ಮಾರಲ್’ ಎಂದರೆ ನೀತಿ, ಒತ್ತು ಮೊದಲ ಅಕ್ಷರದ ಮೇಲೆ. ‘ಮೊರಾಲ್’ ಎಂದರೆ ಮನೋಬಲ, ಒತ್ತು ಎರಡನೆಯದರ ಮೇಲೆ. ಬರೆಯುವಾಗ ಕೊನೆಗೆ ಒಂದು ‘ಇ’ ಹೆಚ್ಚು. ನಿಮ್ಮ ಹುಡುಗಿಯರು ಕಳೆದುಕೊಂಡದ್ದು ಎರಡನೆಯದನ್ನು, ಅದೂ ಕೆಲವು ನಿಮಿಷಗಳ ಮಟ್ಟಿಗೆ.

ನಮ್ಮ ಪತ್ರಿಕೆಗಳು ‘ನೈತಿಕ ಸ್ಥೈರ್ಯ ಕುಸಿಯಿತು’ ಎಂದು ಬರೆಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ನೀತಿಯ ಮಾತೇ ಇರುವುದಿಲ್ಲ. ಇಂಗ್ಲಿಷಿನ ಅವಳಿ ಪದಗಳಲ್ಲಿ ಯಾರೋ ಒಮ್ಮೆ ಒಂದನ್ನು ಇನ್ನೊಂದೆಂದು ಓದಿದರು, ‘ನೈತಿಕ’ ಬಂದು ಅಂಟಿಕೊಂಡಿತು ಎಂದೇ ನನ್ನ ನಂಬಿಕೆ. ಎದೆಗುಂದು, ಧೃತಿಗೆಡು, ಕೈಚೆಲ್ಲು ಎಂಬ ಪದಗಳು ನಮ್ಮಲ್ಲಿರುವಾಗ ಈ ಅಂಟು ಬೇಕಿಲ್ಲ.

ಇದೇ ಅರ್ಥಕ್ಕೆ ನಮ್ಮ ಸೀಮೆಯವರು ಚೆನ್ನಾಗಿ ಬಲ್ಲ ಇನ್ನೊಂದು ಪದವಿದೆ: ತೇಜೋವಧೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಕರ್ಣಪರ್ವದ ತಾಳಮದ್ದಳೆ ಕೂತು ಕೇಳಿದವರಿಗೆ ಶಲ್ಯನ ನಾಲಿಗೆ ಗೊತ್ತು. ಉದ್ಯೋಗಪರ್ವದಲ್ಲಿ ಧರ್ಮರಾಯ ಶಲ್ಯನನ್ನು ಬೇಡಿಕೊಂಡಿರುತ್ತಾನೆ: ಕರ್ಣನಿಗೆ ಸಾರಥಿಯಾಗುವ ಹೊತ್ತು ಬಂದರೆ ಅವನ ತೇಜೋವಧೆ ಮಾಡು. ಶಲ್ಯ ಹಾಗೆಯೇ ಮಾಡುತ್ತಾನೆ. ಯುದ್ಧಕ್ಕೆ ಹೊರಟ ರಥದಲ್ಲಿ ಕಾಗೆಯ ಕಥೆ ತೆಗೆಯುತ್ತಾನೆ. ಕಡಲ ದಂಡೆಯ ವರ್ತಕನ ಮನೆಯ ಎಂಜಲುಂಡು ಕೊಬ್ಬಿದ ಕಾಗೆ ಹಂಸಗಳೊಡನೆ ಹಾರುವ ಪಂದ್ಯ ಕಟ್ಟುತ್ತದೆ. ಕಂಡಲ್ಲೆಲ್ಲ ನೀರು, ಕೂರಲು ಮರವಿಲ್ಲ, ರೆಕ್ಕೆ ಸೋತು ಕೊಕ್ಕು ನೀರಿಗೆ ತಾಗುತ್ತದೆ. ನೀನು ಆ ಕಾಗೆ, ಅರ್ಜುನ ಹಂಸ ಎನ್ನುತ್ತಾನೆ ಶಲ್ಯ. ಕರ್ಣನ ದಾನಗುಣಕ್ಕಾಗಲಿ ಸ್ವಾಮಿನಿಷ್ಠೆಗಾಗಲಿ ಈ ಮಾತಿನಿಂದ ಕುಂದಿಲ್ಲ. ಏಟು ಬೀಳುವುದು ಬಿಲ್ಲು ಹಿಡಿದ ಕೈಯ ಹಿಂದಿನ ನೆಚ್ಚಿಕೆಗೆ. ‘ಡಿಮಾರಲೈಸ್’ ಎಂದರೆ ಇಷ್ಟೇ, ಇದೇ.

ಇಂದು ತೇಜೋವಧೆ ಎಂದರೆ ಮಾನ ಕಳೆಯುವುದು, ಚಾರಿತ್ರ್ಯಕ್ಕೆ ಮಸಿ ಬಳಿಯುವುದು ಎಂದಾಗಿದೆ. ನಡತೆಯಿಂದ ಹೊರಟ ಇಂಗ್ಲಿಷ್ ಪದ ಎದೆಗಾರಿಕೆಗೆ ಬಂತು. ಎದೆಗಾರಿಕೆಯಿಂದ ಹೊರಟ ನಮ್ಮ ಪದ ನಡತೆಗೆ ಹೋಯಿತು. ಎರಡೂ ದಾರಿಯ ನಡುವೆ ಎದುರುಬದುರಾಗಿ ದಾಟಿಹೋಗಿವೆ. ಹಾಗಾಗಿ ಈಗ ಒಂದಕ್ಕೆ ಇನ್ನೊಂದನ್ನು ಸಮಾನಾರ್ಥಕವಾಗಿ ಬಳಸಲು ಬಾರದು.

ಬಳಕೆಯ ಬಗ್ಗೆ ಎರಡು ಮಾತು. ‘ಡಿಮಾರಲೈಸ್’ ಸಕರ್ಮಕ ಕ್ರಿಯಾಪದ. ನಮ್ಮ ‘ಕುಗ್ಗು’ ಅಲ್ಲ, ‘ಕುಗ್ಗಿಸು’. ಕುಗ್ಗಿಸುವ ಸಂಗತಿ ಕರ್ತೃ, ಕುಗ್ಗುವವರು ಕರ್ಮ. ಆದ್ದರಿಂದ ಸತತ ಸೋಲು ‘ಡಿಮಾರಲೈಸಿಂಗ್’, ಸೋತ ತಂಡ ‘ಡಿಮಾರಲೈಸ್ಡ್’. ಸಂದರ್ಶನಕ್ಕೆ ಹೋದ ಅಭ್ಯರ್ಥಿ ತಾನು ‘ಡಿಮಾರಲೈಸಿಂಗ್’ ಆಗಿದ್ದೇನೆ ಎಂದರೆ, ನಾನು ಇತರರ ಉತ್ಸಾಹ ಕೊಲ್ಲುವವನು ಎಂದು ಹೇಳಿಕೊಂಡಂತೆ. ಬಹಳ ಮಂದಿ ಇಲ್ಲಿ ಎಡವುತ್ತಾರೆ.

‘ಡಿಸ್ಕರೇಜ್’ ಇದರ ನೆರೆಯ ಪದವೇ ಹೊರತು ಇದೇ ಅಲ್ಲ. ಮಳೆಗಾಲದ ಕಡಲಿಗೆ ಇಳಿಯಬೇಡ ಎಂದು ಮಗನನ್ನು ತಡೆಯುವ ತಾಯಿ ಅವನನ್ನು ಡಿಸ್ಕರೇಜ್ ಮಾಡುತ್ತಾಳೆ. ಒಂದು ಕೆಲಸದಿಂದ ಹಿಂದೆ ಸರಿಸುತ್ತಾಳೆ, ಅಷ್ಟೇ. ಇಡೀ ಋತು ಬಲೆಗೆ ಮೀನು ಬೀಳದೆ, ಡೀಸೆಲ್ಲಿನ ಸಾಲ ಬೆಳೆದು, ದೋಣಿ ಕಂಡರೆ ಮುಖ ತಿರುಗಿಸುವ ಹಂತಕ್ಕೆ ಬಂದ ಕಾರವಾರದ ಮೀನುಗಾರನ ಸ್ಥಿತಿಗೆ ಆ ಪದ ಸಾಲದು. ಅವನು ಡಿಮಾರಲೈಸ್ಡ್.

ಇನ್ನು ನಿಮ್ಮ ವರದಿ. ಇಂಗ್ಲಿಷ್ ವಾಕ್ಯ ಇದ್ದಂತೆಯೇ ಇರಲಿ. ಆದರೆ ಅದನ್ನು ಹುಡುಗಿಯರ ತಂದೆ ತಾಯಿಯೂ ಓದುತ್ತಾರೆ. ಅವರಿಗಾಗಿ ಕನ್ನಡ ಭಾಗದಲ್ಲಿ ಹೀಗೆ ಬರೆಯಿರಿ: ‘ವಿರಾಮದ ಹೊತ್ತಿಗೆ ನಮ್ಮ ಹುಡುಗಿಯರು ಎದೆಗುಂದಿದ್ದರು. ದ್ವಿತೀಯಾರ್ಧದಲ್ಲಿ ಚೇತರಿಸಿಕೊಂಡು ಅಂತರವನ್ನು ಮೂರು ಅಂಕಗಳಿಗೆ ಇಳಿಸಿದರು.’ ನಿಮ್ಮ ಹಿರಿಯ ಸಹೋದ್ಯೋಗಿಯೂ ಇದಕ್ಕೆ ತಲೆದೂಗುತ್ತಾರೆ.