ಇಂಗ್ಲೆಂಡಲ್ಲಿ ತಾಯಿ ಮಗುನ 12 ವಾರ ಸೆಂಟರಲ್ಲಿಟ್ಟು ಅಸೆಸ್‌ಮೆಂಟ್ ಮಾಡ್ತಾರಂತೆ, ತಂಗಿ ಒಪ್ಕೋಬೇಕಾ?

ಮೊದಲು ಒಂದು ಕೆಲಸ ಮಾಡಿ. ಪ್ರಶ್ನೆಯಲ್ಲಿ ನಿಮ್ಮ ತಂಗಿ ಇರೋ ಊರು, ಹೆರಿಗೆ ಆದ ಆಸ್ಪತ್ರೆ, ಮಗು ಹುಟ್ಟಿದ ತಾರೀಖು ಎಲ್ಲಾ ಹಾಕಿಬಿಟ್ಟಿದೀರ, ಈಗ್ಲೇ ಎಡಿಟ್ ಮಾಡಿ ತೆಗೀರಿ. ಇಂಗ್ಲೆಂಡಲ್ಲಿ ಫ್ಯಾಮಿಲಿ ಕೋರ್ಟಲ್ಲಿ ಕೇಸ್ ನಡೀತಿರೋ ಮಗುವಿನ ಗುರುತು ಸಿಗೋ ಹಾಗೆ ಪಬ್ಲಿಕ್ಕಾಗಿ ಬರೆಯೋದೇ ಅಪರಾಧ. ನೀವು ಹಾಸನದಲ್ಲಿ ಕೂತು ಬರೆದ್ರೂ ಅದರ ಬಿಸಿ ತಟ್ಟೋದು ಅಲ್ಲಿರೋ ತಂಗಿಗೆ.

ಬೇರೆ ಓದೋರಿಗೂ ಅರ್ಥ ಆಗ್ಲಿ ಅಂತ ಪ್ರಶ್ನೆನ ಚಿಕ್ಕದಾಗಿ ಹೇಳ್ತೀನಿ. ತಂಗಿಗೆ ಚೊಚ್ಚಲ ಹೆರಿಗೆ, ಮನೇಲಿ ಗಂಡ ಹೆಂಡ್ತಿ ಜಗಳ ಜೋರಾಗಿ ಪಕ್ಕದ ಮನೆಯವರು ಪೊಲೀಸ್‌ಗೆ ಫೋನ್ ಮಾಡಿದಾರೆ, ಪೊಲೀಸ್ ಹಿಂದೇನೇ ಸೋಶಿಯಲ್ ವರ್ಕರ್ ಬಂದಿದಾರೆ, ಈಗ ಕೇಸ್ ಕೋರ್ಟಿಗೆ ಹೋಗಿ ತಾಯಿ ಮಗು ಇಬ್ಬರೂ 12 ವಾರ ಒಂದು ಸೆಂಟರಲ್ಲಿ ಇದ್ದು ಅಸೆಸ್‌ಮೆಂಟ್ (ತಾಯಿ ಮಗುನ ಹೇಗೆ ನೋಡ್ಕೋತಾಳೆ ಅನ್ನೋ ಪರಿಶೀಲನೆ) ಮಾಡಿಸ್ಕೋಬೇಕು ಅಂತಿದಾರೆ. ಒಪ್ಕೋಬೇಕಾ, ಇದು ಮಗು ಕಿತ್ಕೊಳ್ಳೋಕೆ ನೆಪನಾ, ಇಂಡಿಯಾದಿಂದ ನಾವೇನು ಮಾಡಬಹುದು, ಇಷ್ಟು ನಿಮ್ಮ ಪ್ರಶ್ನೆ.

ನಾನು ಇಂಗ್ಲೆಂಡಲ್ಲಿ ಇಂಥದೇ ಒಂದು ರೆಸಿಡೆನ್ಶಿಯಲ್ ಫ್ಯಾಮಿಲಿ ಸೆಂಟರಲ್ಲಿ ಕೆಲಸ ಮಾಡ್ತೀನಿ, ಜಾಸ್ತಿ ನೈಟ್ ಶಿಫ್ಟು. ಲಾಯರ್ ಅಲ್ಲ, ಅಸೆಸ್‌ಮೆಂಟ್ ರಿಪೋರ್ಟ್ ಬರೆಯೋ ಸೋಶಿಯಲ್ ವರ್ಕರ್ರೂ ಅಲ್ಲ, ಆ ರಿಪೋರ್ಟಿಗೆ ಬೇಕಾಗೋ ದಿನದಿನದ ನೋಟ್ಸ್ ಬರೆಯೋರಲ್ಲಿ ಒಬ್ಬಳು. ಹಾಗಾಗಿ ಒಳಗೆ ಏನು ನಡಿಯತ್ತೆ ಅನ್ನೋದನ್ನ ಹೇಳಬಲ್ಲೆ.

ನನ್ನ ಉತ್ತರ, ಲಾಯರ್ ಜೊತೆ ಕೂತು ಮಾತಾಡಿ ಒಪ್ಕೊಳ್ಳೋದೇ ವಾಸಿ. ಯಾಕಂದ್ರೆ ಇಂಥ ಹೊತ್ತಲ್ಲಿ ಒಪ್ಪದೇ ಇದ್ರೆ ಬಹಳ ಸಲ ಆಗೋದು ಏನಂದ್ರೆ ಮಗು ಫಾಸ್ಟರ್ ಮನೆಗೆ (ಸದ್ಯಕ್ಕೆ ನೋಡ್ಕೊಳ್ಳೋ ಬೇರೆಯವರ ಮನೆಗೆ) ಹೋಗತ್ತೆ, ತಾಯಿಗೆ ವಾರದಲ್ಲಿ ಇಂತಿಷ್ಟು ಗಂಟೆ ಅಂತ ಭೇಟಿ, ಅದೂ ಇನ್ನೊಬ್ಬರ ಎದುರಿಗೆ. ಸೆಂಟರಲ್ಲಿ ಮಗು ಅಮ್ಮನ ಹತ್ರಾನೇ ಇರತ್ತೆ. ಈ ಜಾಗಕ್ಕೆ ಕೌನ್ಸಿಲ್, ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತ, ವಾರಕ್ಕೆ ಸಾವಿರಾರು ಪೌಂಡ್ ಕಟ್ಟಬೇಕು, ಮಗುನ ತಗೊಂಡೇ ಬಿಡೋಣ ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿದ್ರೆ ಇಷ್ಟು ದುಡ್ಡು ಸುರಿಯೋದು ಕಮ್ಮಿ. ಎಷ್ಟೋ ಅಪ್ಪ ಅಮ್ಮ ಕೋರ್ಟಲ್ಲಿ ಹೋರಾಡಿ ಈ ಅವಕಾಶ ಕೇಳಿ ತಗೋತಾರೆ, ಆ ಆರ್ಡರ್ ಮಾಡೋ ಅಧಿಕಾರ ಕೋರ್ಟಿಗಿದೆ ಅಂತ 1996ರಲ್ಲೇ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟ್) ಹೇಳಿದೆ.

ಕಿತ್ಕೊಳ್ಳೋ ಭಯದ ಬಗ್ಗೆ. 2011ರಲ್ಲಿ ನಾರ್ವೆಯಲ್ಲಿ ಇಂಡಿಯನ್ ದಂಪತಿಯ ಮಕ್ಕಳನ್ನ ಅಲ್ಲಿನ ಅಧಿಕಾರಿಗಳು ತಗೊಂಡ ಕೇಸ್ ಆದಾಗಿಂದ ಕೈತುತ್ತು ತಿನ್ಸಿದ್ರೂ ಮಗು ಹೋಗತ್ತೆ ಅಂತ ನಮ್ಮೋರೆಲ್ಲ ನಂಬ್ಕೊಂಡಿದಾರೆ. ಇಂಗ್ಲೆಂಡಲ್ಲಿ ಕೈಯಲ್ಲಿ ಉಣಿಸೋದಕ್ಕೆ ಯಾರೂ ತಲೆ ಕೆಡಿಸ್ಕೊಳಲ್ಲ. ಸೋಶಿಯಲ್ ವರ್ಕರ್ ತನ್ನಷ್ಟಕ್ಕೆ ತಾನೇ ಮಗುನ ಎತ್ಕೊಂಡು ಹೋಗೋಕೂ ಆಗಲ್ಲ, ಅಪ್ಪ ಅಮ್ಮನ ಒಪ್ಪಿಗೆ ಬೇಕು ಇಲ್ಲಾ ಕೋರ್ಟ್ ಆರ್ಡರ್ ಬೇಕು, ತುರ್ತು ಅಂದ್ರೆ ಪೊಲೀಸರು 72 ಗಂಟೆವರೆಗೆ ಇಟ್ಕೋಬಹುದು ಅಷ್ಟೇ. ಈ 'ಒಪ್ಪಿಗೆ' ಹತ್ರ ಹುಷಾರು. ಸೆಕ್ಷನ್ 20 ಅಂತ ಒಂದು ಕಾಗದ ಇರತ್ತೆ, ಮಗುನ ಸದ್ಯಕ್ಕೆ ಕೌನ್ಸಿಲ್ ನೋಡ್ಕೊಳ್ಳಲಿ ಅಂತ ಸ್ವಂತ ಇಷ್ಟದಿಂದ ಕೊಡೋದು, ಲಾಯರ್ ನೋಡದೇ ಅದಕ್ಕೆ ಸೈನ್ ಹಾಕಬಾರದು. ಲಾಯರ್‌ಗೆ ದುಡ್ಡಿಲ್ಲ ಅನ್ನೋ ಚಿಂತೆ ಬೇಡ, ಮಗುನ ಕೌನ್ಸಿಲ್ ವಶಕ್ಕೆ ಕೇಳೋ ಕೇಸಲ್ಲಿ ಹೆತ್ತವರಿಗೆ ಸಂಬಳ ಎಷ್ಟೇ ಇರಲಿ ಲೀಗಲ್ ಏಡ್ (ಸರ್ಕಾರದ ದುಡ್ಡಲ್ಲಿ ಲಾಯರ್) ಸಿಗತ್ತೆ, ವೀಸಾ ಯಾವುದು ಅಂತ್ಲೂ ಕೇಳಲ್ಲ. ಮಗುವಿನ ಪರವಾಗಿ ಕಾಫ್ಕಾಸ್ ಅನ್ನೋ ಸಂಸ್ಥೆಯಿಂದ ಒಬ್ಬ ಗಾರ್ಡಿಯನ್ ಬರ್ತಾರೆ, ಅವರು ಕೌನ್ಸಿಲ್ ಮನುಷ್ಯ ಅಲ್ಲ, ಗಾರ್ಡಿಯನ್ ಮಾತಿಗೆ ಜಡ್ಜ್ ತುಂಬಾ ಬೆಲೆ ಕೊಡ್ತಾರೆ. ತಂಗಿ ಆ ಗಾರ್ಡಿಯನ್ ಹತ್ರ ಮನಸ್ಸು ಬಿಚ್ಚಿ ಮಾತಾಡಲಿ.

ಇನ್ನೊಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ, ಇದು ಬಾಣಂತಿ ಖಿನ್ನತೆಗೆ ಚಿಕಿತ್ಸೆ ಕೊಡೋ ಎನ್‌ಎಚ್‌ಎಸ್‌ನ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ) ಮದರ್ ಅಂಡ್ ಬೇಬಿ ಯೂನಿಟ್ ಅಲ್ಲ ತಾನೇ? ಅದು ಆಸ್ಪತ್ರೆ, ಇದು ಬೇರೆ. ಇಲ್ಲಿ ನಡಿಯೋದು ಅಸೆಸ್‌ಮೆಂಟ್, 2005ರಲ್ಲಿ ಹೌಸ್ ಆಫ್ ಲಾರ್ಡ್ಸೇ ಈ ಗೆರೆ ಎಳೆದಿದೆ, ಚಿಕಿತ್ಸೆ ಕೊಡಿಸೋಕೆ ಈ ಅಸೆಸ್‌ಮೆಂಟ್ ಕಾನೂನು ಬಳಸೋ ಹಾಗಿಲ್ಲ ಅಂತ. ತಂಗಿಗೆ ಡಿಪ್ರೆಶನ್ ಇದ್ರೆ ಅದನ್ನ ಡಾಕ್ಟರ್ ಹತ್ರ, ಲಾಯರ್ ಹತ್ರ ಬೇರೆಯಾಗಿ ಎತ್ತಬೇಕು.

ಈಗ ಒಳಗಡೆ ವಿಷಯ. ಒಂದು ರೂಮು ಅಥವಾ ಚಿಕ್ಕ ಫ್ಲಾಟು, ಕಾಮನ್ ಕಿಚನ್, ಸ್ಟಾಫ್ 24 ಗಂಟೆ. ಕ್ಯಾಮೆರಾ ಇರತ್ತೆ. ಮೊದಮೊದಲು ಅದೇ ದೊಡ್ಡ ಹಿಂಸೆ, ಎದೆಹಾಲು ಕುಡಿಸೋಕೂ ಸಂಕೋಚ ಆಗತ್ತೆ ಅಂತ ಅಳೋರಿದಾರೆ. ಎಲ್ಲೆಲ್ಲಿ ಕ್ಯಾಮೆರಾ, ಯಾರು ನೋಡ್ತಾರೆ, ಯಾವಾಗ ಆಫ್ ಮಾಡ್ತಾರೆ ಅಂತ ಹೋಗೋಕ್ ಮುಂಚೇನೇ ಲಾಯರ್ ಮೂಲಕ ಬರಹದಲ್ಲಿ ಕೇಳಿ ಇಟ್ಕೊಳ್ಳಿ, ಕೇಳಿದ್ರೆ ಯಾರೂ ತಪ್ಪು ತಿಳ್ಕೊಳಲ್ಲ. ಎಲ್ಲಾ ಸರಿ ಹೋದ್ರೆ ವಾರ ಕಳೀತಾ ಕಳೀತಾ ನಿಗಾ ಕಮ್ಮಿ ಮಾಡ್ತಾ ಬರ್ತಾರೆ, ಅಂಗಡಿಗೆ ಒಬ್ಬಳೇ ಹೋಗಿ ಬಾ ಅನ್ನೋ ಮಟ್ಟಕ್ಕೆ. ಈ ಸೆಂಟರ್‌ಗಳನ್ನ ಆಫ್‌ಸ್ಟೆಡ್ ಅನ್ನೋ ಸರ್ಕಾರಿ ಸಂಸ್ಥೆ ಇನ್‌ಸ್ಪೆಕ್ಷನ್ ಮಾಡತ್ತೆ, ಆ ರಿಪೋರ್ಟುಗಳನ್ನೂ ಓದ್ಕೊಳ್ಳಿ.

ರಾತ್ರಿ ನಾವು ಏನು ಬರೀತೀವಿ ಅಂತ ಕೇಳಿದ್ರೆ ನಿಮಗೆ ನಗು ಬರಬಹುದು. '2:10 ಮಗು ಅತ್ತಿತು. ತಾಯಿ ಎದ್ದು ಡೈಪರ್ ನೋಡಿದರು. ಬಾಟಲ್ ಮಾಡುವಾಗ ಮಗುವಿನ ಜೊತೆ ಮಾತಾಡುತ್ತಿದ್ದರು. 2:50 ಕಾಟ್‌ನಲ್ಲಿ (ಮಗುವಿನ ಮಂಚದಲ್ಲಿ) ಅಂಗಾತ ಮಲಗಿಸಿದರು.' ಇಷ್ಟೇ. ಎಷ್ಟು ಬೇಗ ಎದ್ರು ಅನ್ನೋದಕ್ಕಿಂತ ಮಗುವಿನ ಅಳು ಯಾವುದು ಅಂತ ಗೊತ್ತಾಗ್ತಿದೆಯಾ, ಸುಸ್ತಾದಾಗ ಸಿಟ್ಟು ಎಲ್ಲಿಗೆ ಹೋಗತ್ತೆ, ಸಹಾಯ ಬೇಕು ಅಂತ ಬೆಲ್ ಒತ್ತುತಾರಾ, ಅದನ್ನ ನೋಡೋದು. ಬೆಲ್ ಒತ್ತಿದ್ರೆ ಮಾರ್ಕ್ಸ್ ಕಟ್ ಅಂತ ನಮ್ಮ ಹೆಣ್ಮಕ್ಕಳು ಅಂದ್ಕೋತಾರೆ, ಉಲ್ಟಾ, ಮೂರು ಗಂಟೆಗೆ ಬೆಲ್ ಒತ್ತಿ 'ನನಗೆ ಆಗ್ತಿಲ್ಲ, ಹತ್ತು ನಿಮಿಷ ಮಗುನ ಹಿಡ್ಕೊಳ್ತೀರಾ' ಅಂದ ತಾಯಿ ಬಗ್ಗೆ ನಾವು ಒಳ್ಳೇದೇ ಬರೀತೀವಿ.

ನಮ್ಮ ಬಾಣಂತನದ ಪದ್ಧತಿಗಳು ಅಲ್ಲಿ ಎಲ್ಲೆಲ್ಲಿ ತಗಲಾಕ್ಕೊಳ್ತಾವೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಅಮ್ಮ ಫೋನಲ್ಲಿ ದಿನಾ ಇದನ್ನೇ ಹೇಳ್ಕೊಡ್ತಿರ್ತಾರೆ ಅಂತ ಗೊತ್ತು. ಎಣ್ಣೆ ಹಚ್ಚೋದು, ಕಾಲ ಮೇಲೆ ಮಲಗಿಸಿ ನೀರು ಹಾಕೋದು ಮಾಡಬಹುದು, ಏನ್ಮಾಡ್ತಿದೀನಿ ಅಂತ ಮೊದಲೇ ಹೇಳಿ, ನೀರಿನ ಬಿಸಿ ಅವರೆದುರಿಗೇ ನೋಡಿ ಮಾಡಲಿ. ಮನೆಯೊಳಗೆ ಕುಲಾವಿ, ಸ್ವೆಟರ್, ಮೇಲೊಂದು ಕಂಬಳಿ ಬೇಡ, ಅಲ್ಲಿ ರೂಮು 16ರಿಂದ 20 ಡಿಗ್ರಿ ಇದ್ರೆ ಸಾಕು ಅಂತಾರೆ, ಮಗುಗೆ ಜಾಸ್ತಿ ಶಾಖ ಆದ್ರೆ ನಿದ್ದೆಯಲ್ಲೇ ಸಾಯೋ ಅಪಾಯ ಇದೆ ಅಂತ ಈ ನಿಯಮ. ಪಕ್ಕದಲ್ಲಿ ಹಾಕ್ಕೊಂಡು ಮಲಗೋದು ನಮಗೆ ಸಹಜ, ಅಲ್ಲಿ ಮೊದಲ ಆರು ತಿಂಗಳು ಅದೇ ರೂಮಲ್ಲಿ ಆದ್ರೆ ಬೇರೆ ಕಾಟ್‌ನಲ್ಲಿ, ಬೆನ್ನ ಮೇಲೆ. ಜೇನು ನೆಕ್ಕಿಸಲೇಬಾರದು, ಒಂದು ವರ್ಷದ ಒಳಗೆ ಬೊಟುಲಿಸಂ ಭಯ. ಕಣ್ಣಿಗೆ ಕಾಡಿಗೆ ಬೇಡ, ಕೆಲವದರಲ್ಲಿ ಸೀಸ ಇರತ್ತೆ. ಫಾರ್ಮುಲಾ ಹಾಲಿಗೆ ಕುದಿಸಿದ ನೀರು ಅರ್ಧ ಗಂಟೆಗಿಂತ ಜಾಸ್ತಿ ಆರಿರಬಾರದು, 70 ಡಿಗ್ರಿಯಾದ್ರೂ ಇರಬೇಕು, ಕಲಸಿದ ಮೇಲೆ ತಣ್ಣಗೆ ಮಾಡಿ ಕುಡಿಸೋದು. ಸಾಂಬ್ರಾಣಿ ಹೊಗೆ ಅಂತೂ ಹಾಕೋಕೆ ಹೋಗ್ಬೇಡಿ, ಸ್ಮೋಕ್ ಅಲಾರಂ ಹೊಡ್ಕೊಂಡು ರಾತ್ರೋರಾತ್ರಿ ಎಲ್ಲಾ ಬಾಣಂತಿಯರನ್ನೂ ಕಾರ್ ಪಾರ್ಕಿಂಗಲ್ಲಿ ನಿಲ್ಲಿಸಬೇಕಾಗತ್ತೆ.

ಇದೆಲ್ಲ ತಂಗಿಗೆ ಮೊದಲೇ ಗೊತ್ತಿರಲೇಬೇಕು ಅಂತೇನಿಲ್ಲ. ಸ್ಟಾಫ್ ಒಮ್ಮೆ ತೋರಿಸಿದ್ದನ್ನ ಮುಂದಿನ ವಾರ ತಾನಾಗೇ ಮಾಡ್ತಿದಾಳಾ ಅನ್ನೋದೇ ರಿಪೋರ್ಟಿನ ಜೀವ. ಸ್ಟಾಫ್ ಮುಂದೆ 'ಯೆಸ್ ಯೆಸ್' ಅಂದು ಬಾಗಿಲು ಹಾಕ್ಕೊಂಡು ಅಮ್ಮ ಹೇಳಿದ ಹಾಗೆ ಮಾಡಿದ್ರೆ ಅದನ್ನ ಅವರು ಪದ್ಧತಿ ಅಂತ ತಗೊಳಲ್ಲ, ಮುಚ್ಚಿಟ್ಟಿದಾಳೆ ಅಂತ ತಗೋತಾರೆ. ನಾನು ನೋಡಿರೋ ಹಾಗೆ ನಮ್ಮೋರಿಗೆ ಜಾಸ್ತಿ ಹೊಡೆತ ಬೀಳೋದು ಇಲ್ಲೇ, ಮಗು ನೋಡ್ಕೊಳ್ಳೋದರಲ್ಲಿ ಅಲ್ಲವೇ ಅಲ್ಲ. ಮರ್ಯಾದೆ ಹೋಗತ್ತೆ ಅಂತ 'ನಮ್ಮ ಮನೇಲಿ ಏನೂ ಇಲ್ಲ, ಜಗಳಾನೇ ಆಗಿಲ್ಲ' ಅಂತ ಸಾಧಿಸ್ತಾರೆ, ಪೊಲೀಸ್ ರೆಕಾರ್ಡ್ ಎದುರಿಗೇ ಇರತ್ತೆ. ನೀವು ಪ್ರಶ್ನೆಯಲ್ಲಿ 'ಸಣ್ಣ ಜಗಳ' ಅಂತ ಬರೆದಿದೀರ, ತಂಗಿ ಗಂಡ ಕೈ ಮಾಡಿದಾರಾ ಇಲ್ವಾ ಅಂತ ಬರೆದಿಲ್ಲ. ಮಾಡಿದ್ರೆ ತಂಗಿ ಅದನ್ನ ಹೇಳಬೇಕು, ಮನೆಯವರು ಬಾಯಿ ಮುಚ್ಚಿಸಬಾರದು. ತಾಯಿ ಮಗುನ ಮಾತ್ರ ಕರೆದು ಗಂಡನ್ನ ಕರೆದಿಲ್ಲ ಅಂದ್ರೆ ಅವರ ಆತಂಕ ಯಾರ ಮೇಲಿದೆ ಅಂತ ಅಂದಾಜು ಮಾಡಿ. ಗುಟ್ಟಾಗಿ ವಿಡಿಯೋ ಕಾಲಲ್ಲಿ ಗಂಡನಿಗೆ ಮಗು ತೋರಿಸೋದು, ಕೋರ್ಟ್ ಬೇಡ ಅಂದಿದ್ದಾಗ, 12 ವಾರದ ಶ್ರಮಾನ ಒಂದೇ ಸಂಜೆ ಹಾಳು ಮಾಡತ್ತೆ.

ಇಂಟರ್‌ಪ್ರಿಟರ್ ಕೇಳಿ, ತಂಗಿಗೆ ಇಂಗ್ಲಿಷ್ ಸುಮಾರಾಗಿ ಬಂದ್ರೂ ಕೇಳಿ. ಇಂಡಿಯನ್ ಅಂದ ಕೂಡಲೇ ಹಿಂದಿಯವರನ್ನ ಬುಕ್ ಮಾಡೋ ಅಭ್ಯಾಸ ಇದೆ, ಕನ್ನಡ ಅಂತ ಒತ್ತಿ ಹೇಳಬೇಕು. ಗಂಡ ಆಗ್ಲಿ ಅವರ ಕಡೆಯವರಾಗ್ಲಿ ಅನುವಾದ ಮಾಡೋ ಹಾಗೆ ಬಿಡಬೇಡಿ. ಮಧ್ಯದಲ್ಲಿ ಒಂದು ರಿವ್ಯೂ ಮೀಟಿಂಗ್ ಇರತ್ತೆ, ಅವತ್ತು ಸ್ಟಾಫ್ ಹೇಳೋ ಕಂಪ್ಲೇಂಟ್‌ಗಳನ್ನ ಬರ್ಕೊಂಡು ಒಂದೊಂದಕ್ಕೂ ಏನು ಮಾಡಿದೆ ಅಂತ ತಾರೀಖು ಸಮೇತ ತಾನೇ ಒಂದು ಡೈರಿ ಇಡಲಿ, ಕೋರ್ಟಲ್ಲಿ ನೋಟ್ಸ್‌ಗೆ ಎದುರಾಗಿ ಹಾಕೋಕೆ ತಾಯಿ ಕೈಲಿ ಏನಾದ್ರೂ ಇರಬೇಕಲ್ಲ. ಸೆಂಟರ್ ರಿಪೋರ್ಟೇ ಕೊನೆ ಮಾತಲ್ಲ, ಲಾಯರ್ ಅದನ್ನ ಪ್ರಶ್ನೆ ಮಾಡಬಹುದು, ತೀರ್ಮಾನ ಜಡ್ಜ್‌ದು. ಫ್ಯಾಮಿಲಿ ರೈಟ್ಸ್ ಗ್ರೂಪ್ ಅಂತ ಒಂದು ಚಾರಿಟಿ ಇದೆ, ಫೋನಲ್ಲಿ ಪುಕ್ಕಟೆ ಸಲಹೆ ಕೊಡ್ತಾರೆ.

ಇನ್ನು ನೀವು ಮಾಡಬಹುದಾದ್ದು. ತಂಗಿಗೆ ಆಗಲಿಲ್ಲ ಅಂದ್ರೆ ಮಗು ಯಾರ ಹತ್ರ ಇರಬಹುದು ಅಂತ ಕೋರ್ಟ್ ಸಂಬಂಧಿಕರನ್ನ ಹುಡುಕತ್ತೆ, ಅಜ್ಜಿ, ಚಿಕ್ಕಮ್ಮ, ಸೋದರಮಾವ, ಯಾರಾದ್ರೂ ಆಗಬಹುದು, ಪರದೇಶದಲ್ಲಿದ್ರೂ ಹೆಸರು ಕೊಡಬಹುದು. ಆದ್ರೆ ಇಂಥ ಕೇಸು 26 ವಾರದಲ್ಲಿ ಮುಗಿಬೇಕು ಅಂತ 2014ರ ಕಾನೂನಿದೆ, ಇಂಡಿಯಾದಲ್ಲಿ ನಿಮ್ಮ ಮನೆ ಬಂದು ನೋಡಿ ವರದಿ ಮಾಡಿಸೋಕೆ ತಿಂಗಳುಗಟ್ಟಲೆ ಹಿಡಿಯತ್ತೆ. ಹಾಗಾಗಿ 'ನೋಡೋಣ, ತಂಗಿಗೇ ಸಿಗತ್ತೆ' ಅಂತ ಕೂರಬೇಡಿ, ಈ ವಾರಾನೇ ಲಾಯರ್ ಮೂಲಕ ಹೆಸರು ಕೊಡಿ, ಕೊಟ್ಟರೆ ತಂಗಿ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಆಗಲ್ಲ. ಸಿಎಫ್‌ಎಬಿ (ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಅಕ್ರಾಸ್ ಬಾರ್ಡರ್ಸ್) ಅನ್ನೋ ಚಾರಿಟಿ ದೇಶ ದೇಶದ ನಡುವಿನ ಇಂಥ ಕೇಸುಗಳಲ್ಲೇ ಕೆಲಸ ಮಾಡತ್ತೆ, ಸೋಶಿಯಲ್ ವರ್ಕರ್‌ಗೆ ಅದರ ಹೆಸರು ನೀವೇ ನೆನಪು ಮಾಡಿ. ಯಾರ ಹೆಸರು ಕೊಡ್ತೀರೋ ಅವರ ಆರೋಗ್ಯ, ಆದಾಯ, ಮನೇಲಿ ಯಾರ್ಯಾರಿದಾರೆ, ಹಳೇ ಪೊಲೀಸ್ ಕೇಸ್ ಏನಾದ್ರೂ ಇದೆಯಾ ಎಲ್ಲಾ ಕೇಳ್ತಾರೆ. ಅಮ್ಮಂಗೆ ಇಂಗ್ಲಿಷ್ ಬರಲ್ಲ ಅಂತ ಹಿಂದೆ ಸರಿಯೋದು ಬೇಡ, ಆದ್ರೆ ಅವರಿಗೆ ಶುಗರ್, ಬಿಪಿ ಇದ್ರೆ ಮುಚ್ಚಿಡಬೇಡಿ, ಹಗಲೂ ರಾತ್ರಿ ಮಗು ಎತ್ತಿ ಆಡಿಸೋರು ಇನ್ಯಾರಿದಾರೆ ಅನ್ನೋದನ್ನೂ ಹೆಸರು ಸಮೇತ ಬರೆದುಕೊಡಿ.