ಮಹಿಳಾ ಘಟಕದ ಬೀಗದ ಕೈ ಯಾರ ಹತ್ತಿರ ಇದೆ?

ಈ ಸಲ ಬಂದ ಪತ್ರಗಳಲ್ಲಿ ಕಾಲೇಜಿನವೇ ಜಾಸ್ತಿ. ರಾಜ್ಯಶಾಸ್ತ್ರ ಪಾಠ ಮಾಡಿಕೊಂಡೇ ನಾನು ಮಹಿಳಾ ಘಟಕವನ್ನೂ ನಡೆಸಿದವಳು ಅಂತ ಗೊತ್ತಿರುವವರೇ ಬರೆದಿದ್ದಾರೆ ಅನ್ನಿಸುತ್ತದೆ. ಹೆಸರು, ಊರು ಬಿಟ್ಟು ಪತ್ರಗಳನ್ನು ಕೊಟ್ಟಿದ್ದೇನೆ. ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕಿ. ಬಂದ ವಾರವೇ ಮಹಿಳಾ ಘಟಕದ ಸಂಚಾಲಕಿ ಮಾಡಿದರು. ಹಳೇ ಫೈಲು ತೆಗೆದರೆ ಪ್ರತಿ ವರ್ಷವೂ ಅದೇ. ಮಾರ್ಚ್ 8ಕ್ಕೆ ರಂಗೋಲಿ ಸ್ಪರ್ಧೆ, ಒಂದು ಉಪನ್ಯಾಸ, ಬ್ಯಾನರ್ ಮುಂದೆ ಫೋಟೊ. ಬೇರೆ ಏನಾದರೂ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?

ರಂಗೋಲಿ ಮೇಲೆ ನನಗೇನೂ ಕೋಪ ಇಲ್ಲ. ಬರುವವರು ಹಾಕಲಿ. ಆದರೆ ಅದಕ್ಕೆ ಕೊಡುವ ಬಹುಮಾನ ಗಮನಿಸಿದ್ದೀರಾ? ಸ್ಟೀಲ್ ಡಬ್ಬಿ, ಇಲ್ಲವೇ ಲೋಟದ ಸೆಟ್. ಕ್ರಿಕೆಟ್ ಗೆದ್ದ ಹುಡುಗನಿಗೆ ಯಾರಾದರೂ ಕುಕ್ಕರ್ ಕೊಟ್ಟಿದ್ದು ನಾನಂತೂ ನೋಡಿಲ್ಲ.

ಮೊದಲು ಘಟಕದ ಕೋಣೆಗೆ ಹೋಗಿ. ಅದರ ಬೀಗದ ಕೈ ಎಲ್ಲಿದೆ ನೋಡಿ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಸ್ಪೋರ್ಟ್ಸ್ ರೂಮಿನ ಪಕ್ಕದ ಕೋಣೆ ಕೊಟ್ಟಿದ್ದರು. ಅರ್ಧ ಜಾಗದಲ್ಲಿ ಹಳೇ ಉತ್ತರ ಪತ್ರಿಕೆಗಳ ಮೂಟೆ. ಬೀಗದ ಕೈ ಆಫೀಸಿನ ಗೋಡೆಯ ಮೊಳೆಯಲ್ಲಿ. ಹುಡುಗಿಯೊಬ್ಬಳು ಹೋಗಿ ಕೇಳಿದರೆ ಗುಮಾಸ್ತರು ಒಮ್ಮೆ "ಯಾಕಮ್ಮಾ?" ಅನ್ನುವರು, ಅಟೆಂಡರ್ ಇನ್ನೊಮ್ಮೆ. ಹೊಟ್ಟೆನೋವು ಅಂತ ಸ್ವಲ್ಪ ಹೊತ್ತು ಒರಗಲು ಬಂದವಳು ಇಷ್ಟು ಗಂಡಸರಿಗೆ ಕಾರಣ ಹೇಳುತ್ತಾಳಾ? ಸುಮ್ನೆ ವಾಪಸ್ ಹೋಗುತ್ತಾಳೆ. ವರ್ಷದ ಕೊನೆಗೆ "ಕೋಣೆ ಕೊಟ್ಟರೂ ಯಾರೂ ಬಳಸುವುದಿಲ್ಲ" ಅಂತ ವರದಿ ಆಗುತ್ತದೆ.

ಆದ್ದರಿಂದ ಬೀಗದ ಕೈ ಹುಡುಗಿಯರ ಕೈಗೆ ಕೊಡಿಸಿ. ಬೇರೆ ಬೇರೆ ತರಗತಿಯ ಇಬ್ಬರಿಗೆ. ಅದಕ್ಕೊಂದು ಆಫೀಸ್ ಆದೇಶ ಮಾಡಿಸಿ. ಬಾಯಿಮಾತಿನ ಒಪ್ಪಿಗೆ ಪ್ರಿನ್ಸಿಪಾಲರ ಜೊತೆಗೇ ವರ್ಗ ಆಗಿ ಹೋಗುತ್ತದೆ.

ಸಭೆ ಕರೆಯುವುದಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕರೆಯಿರಿ. ನಾಲ್ಕು ಗಂಟೆಗೆ ಇಟ್ಟರೆ ಊರಿನಲ್ಲೇ ಮನೆ ಇರುವವರು ಮಾತ್ರ ಉಳಿಯುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ಕಮ್ಮಿ ಆಗಿದೆ, ನಿಜ. ಆದರೆ ಹಳ್ಳಿ ಕಡೆಯ ಬಸ್ಸಿನ ಟೈಮು ಯೋಜನೆ ಬಂತು ಅಂತ ಬದಲಾಗಲಿಲ್ಲ. ಐದರ ಬಸ್ ತಪ್ಪಿದರೆ ಮುಂದಿನದು ಏಳಕ್ಕೆ. ಅಷ್ಟು ತಡವಾಗಿ ಮನೆಗೆ ಹೋದವಳು ಮುಂದಿನ ಸಭೆಗೆ ಬರುವುದಿಲ್ಲ, ಅವರಪ್ಪ ಕಳಿಸುವುದಿಲ್ಲ.

ಮೊದಲ ಕೆಲಸಕ್ಕೆ ದೊಡ್ಡ ವಿಷಯ ಬೇಡ. ಶೌಚಾಲಯದಿಂದ ಶುರು ಮಾಡಿ. ಒಂದು ನೋಟ್‌ಬುಕ್ ಹಿಡಿದು ಒಂದೊಂದರ ಒಳಗೂ ಹೋಗಿ ಬರೆದುಕೊಳ್ಳಲಿ. ಚಿಲಕ ಇದೆಯಾ? ನೀರು ಬೆಳಿಗ್ಗೆ ಮಾತ್ರ ಬರುತ್ತಾ, ಮಧ್ಯಾಹ್ನವೂ ಬರುತ್ತಾ? ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯಾ? ಇದ್ದರೆ ಅದನ್ನು ಖಾಲಿ ಮಾಡುವವರು ಯಾರು?

ಆ ಕೊನೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನಮ್ಮ ಹುಡುಗಿಯರಿಗೆ ಕಸ ತೆಗೆಯುವ ಅಮ್ಮನ ಹೆಸರು ಮೊದಲ ಸಲ ಗೊತ್ತಾಯಿತು. ಹೊರಗುತ್ತಿಗೆಯ ಕೆಲಸ. ಕೈಗವಸು ಕೊಟ್ಟಿರಲಿಲ್ಲ. ಸಂಬಳ ಎರಡು ತಿಂಗಳಿಗೊಮ್ಮೆ. ಮಹಿಳಾ ಘಟಕ ಅಂದರೆ ಓದುವ ಹುಡುಗಿಯರದು, ಪಾಠ ಮಾಡುವ ಮೇಡಂಗಳದು ಮಾತ್ರ ಅಂದುಕೊಂಡಿದ್ದವರು ಅವತ್ತು ಆಕೆಯನ್ನೂ ಸಭೆಗೆ ಕರೆದು ಕುರ್ಚಿ ಹಾಕಿದರು. ಆಕೆ ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತು ಮಾತಾಡಿದರು. ಎರಡನೇ ಸಭೆಗೆ ಕೂತರು. ಪ್ರಿನ್ಸಿಪಾಲರಿಗೆ ಹೋದ ಅರ್ಜಿಯಲ್ಲಿ ಕೈಗವಸಿನ ಸಾಲು ಎಲ್ಲಕ್ಕಿಂತ ಮೇಲಿತ್ತು.

ಆ ಅರ್ಜಿಯ ಕಥೆಯನ್ನೂ ಹೇಳಬೇಕು. ಎರಡನೇ ಬಿಕಾಂ ಹುಡುಗಿ ಬರೆದು ತಂದಿದ್ದಳು. "ತಮ್ಮಲ್ಲಿ ಅತ್ಯಂತ ಕಳಕಳಿಯಿಂದ ಬೇಡಿಕೊಳ್ಳುವುದೇನೆಂದರೆ" ಅಂತ ಶುರು, ಮುಕ್ಕಾಲು ಪುಟ ಬರೀ ಬೇಡಿಕೆ. ಇನ್ನೊಬ್ಬಳು ಓದಿ, "ಮೂರು ಚಿಲಕಕ್ಕೆ ಇಷ್ಟೊಂದು ಬೇಡಿಕೊಳ್ಳಬೇಕಾ?" ಅಂದಳು. ಕೋಣೆ ತುಂಬ ನಗು. ಮತ್ತೆ ಕೂತು ಬರೆದರು. ಯಾವ ಬ್ಲಾಕು, ಏನು ಇಲ್ಲ, ಯಾವತ್ತಿನೊಳಗೆ ಬೇಕು. ಅಷ್ಟೇ. ನಕಲಿಗೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಂಡು ಬಂದರು. ಚಿಲಕ, ಕೈಗವಸು ಆ ತಿಂಗಳೇ ಬಂದವು. ನೀರಿಗೆ ಮಾತ್ರ ಮುಂದಿನ ವರ್ಷದ ತನಕ ಓಡಾಡಬೇಕಾಯಿತು. ಓಡಾಡಿದರು. ಅರ್ಜಿ ನೀವು ಬರೆದುಕೊಟ್ಟರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ದಯವಿಟ್ಟು ಬರೆದುಕೊಡಬೇಡಿ.

ಇನ್ನು ಮುಂದಾಳುಗಳ ವಿಷಯ. ನಾವು ಮೇಷ್ಟ್ರುಗಳು ಚೆನ್ನಾಗಿ ನಿರೂಪಣೆ ಮಾಡುವ ಹುಡುಗಿಯನ್ನೇ ಎಲ್ಲಕ್ಕೂ ಆರಿಸುತ್ತೇವೆ. ಅವಳಿಗೆ ಕಾನ್ವೆಂಟಿನ ಇಂಗ್ಲಿಷು ಬರುತ್ತದೆ, ಮೈಕು ಹಿಡಿದು ಅಭ್ಯಾಸ ಇದೆ, ಅವಳ ಜಾತಿಗೂ ಊರಿಗೂ ಯಾರೂ ಮೂಗು ಮುರಿಯುವುದಿಲ್ಲ. ಹಿಂದುಳಿದ ವರ್ಗಗಳ ಹಾಸ್ಟೆಲ್‌ನಿಂದ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಿಂದ ಬರುವ ಹುಡುಗಿ ಮೂರು ವರ್ಷವೂ ಕುರ್ಚಿ ಜೋಡಿಸುತ್ತಾಳೆ. ಇದನ್ನು ತಪ್ಪಿಸಲು ನಾನು ಕಂಡ ದಾರಿ ಸರದಿ. ಪ್ರತಿ ಸಭೆಗೂ ಬೇರೆ ಅಧ್ಯಕ್ಷೆ. ನಡಾವಳಿ ಬರೆಯುವವಳು ಬೇರೆ, ದುಡ್ಡಿನ ಲೆಕ್ಕ ಇಡುವವಳು ಬೇರೆ. ಕಾರ್ಯಕ್ರಮದ ಊಟದ ಓಚರ್‌ಗೆ ಸಹಿ ಹಾಕುವವಳಿಗೆ ಎಷ್ಟು ಖರ್ಚಾಯಿತು ಅಂತ ಕೇಳುವ ಧೈರ್ಯ ತಾನಾಗಿ ಬರುತ್ತದೆ. ಮಾತೇ ಆಡದ ಒಬ್ಬಳು ಲೆಕ್ಕದ ಪುಸ್ತಕ ಹಿಡಿದ ಮೇಲೆ ನನ್ನನ್ನೇ "ಮೇಡಂ, ಹೂವಿನ ಹಾರಕ್ಕೆ ಇಷ್ಟು ಯಾಕೆ?" ಅಂತ ಕೇಳಿದ್ದಳು. ಅವತ್ತಿಂದ ಹಾರ ಬಂದ್.

ಕೊನೇ ವರ್ಷದವರು ಹೋಗುವ ಮೊದಲು ಯಾವ ಅರ್ಜಿ ಎಲ್ಲಿಗೆ ಬಂದು ನಿಂತಿದೆ ಅಂತ ಕಿರಿಯರಿಗೆ ಒಂದು ಪುಟ ಬರೆದಿಟ್ಟು ಹೋಗಲಿ. ಇಲ್ಲದಿದ್ದರೆ ಪ್ರತಿ ಜೂನ್‌ನಲ್ಲಿ ಮತ್ತೆ ಚಿಲಕದಿಂದಲೇ ಶುರು.

ಪ್ರಶ್ನೆ: ನಮ್ಮ ಒಬ್ಬ ಸರ್ ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್ ಮೆಸೇಜ್ ಹಾಕುತ್ತಾರೆ. ಮೊದಲು ನೋಟ್ಸ್ ಬಗ್ಗೆ, ಈಗ ನನ್ನ ಡಿಪಿ ಬಗ್ಗೆ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆ. ಮಹಿಳಾ ಘಟಕದ ಮೇಡಂಗೆ ಹೇಳಿದೆ. "ಬ್ಲಾಕ್ ಮಾಡು, ದೊಡ್ಡದು ಮಾಡಬೇಡ" ಅಂದರು. ಏನು ಮಾಡಲಿ?

ಮೊದಲು, ಒಂದು ಮೆಸೇಜನ್ನೂ ಅಳಿಸಬೇಡ ಮಗು. ತಾರೀಖು, ಟೈಮು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆ ಇರುವ ಒಬ್ಬರಿಗೆ ಕಳಿಸಿಡು.

ಮಹಿಳಾ ಘಟಕ ಬೇರೆ, ಆಂತರಿಕ ದೂರು ಸಮಿತಿ ಬೇರೆ. ಘಟಕಕ್ಕೆ ವಿಚಾರಣೆ ಮಾಡುವ ಅಧಿಕಾರ ಇಲ್ಲ. ಸಮಿತಿಗೆ ಇದೆ, ಅದಕ್ಕೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬಲ ಇದೆ. ಆ ಕಾಯ್ದೆ ಸುಮ್ನೆ ಬಂದದ್ದಲ್ಲ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಹಳ್ಳಿ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. ಆ ಪ್ರಕರಣದ ಬೆನ್ನಿಗೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ಇಂಥ ಕಿರುಕುಳ ತಡೆಗೆ ಮಾರ್ಗಸೂಚಿ ಕೊಟ್ಟ ವಿಶಾಖಾ ತೀರ್ಪು ಬಂತು. ಅಲ್ಲಿಂದ ಕಾಯ್ದೆ ಬರಲು ಮತ್ತೆ 16 ವರ್ಷ ಹಿಡಿಯಿತು. ಕಾಲೇಜುಗಳಿಗೆ ಅಂತಲೇ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2015ರ ನಿಯಮ ಮಾಡಿದೆ.

ಆ ನಿಯಮದಲ್ಲಿ ನಿನಗೆ ಬೇಕಾದ್ದು ಇಷ್ಟು. ಸಮಿತಿಯ ಅಧ್ಯಕ್ಷರು ಹಿರಿಯ ಅಧ್ಯಾಪಕಿಯೇ ಆಗಿರಬೇಕು. ಸದಸ್ಯರಲ್ಲಿ ಅರ್ಧಕ್ಕಾದರೂ ಹೆಂಗಸರಿರಬೇಕು. ಕಾಲೇಜಿಗೆ ಸಂಬಂಧ ಇಲ್ಲದ ಹೊರಗಿನ ಒಬ್ಬರು ಇರಬೇಕು. ವಿಷಯ ವಿದ್ಯಾರ್ಥಿಗಳದ್ದಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಕೂರಬೇಕು. ಡೀನ್, ವಿಭಾಗದ ಮುಖ್ಯಸ್ಥರಂಥ ಆಡಳಿತದ ಹುದ್ದೆಯವರು ಇರುವಂತಿಲ್ಲ. ವಿಚಾರಣೆ ನಡೆಯುವಾಗ ದೂರಿಗೆ ಒಳಗಾದವರು ನಿನ್ನ ಟೆಸ್ಟು, ಪರೀಕ್ಷೆ ಮೌಲ್ಯಮಾಪನ ಮಾಡದ ಹಾಗೆ ತಡೆಯಲು ಅವಕಾಶ ಇದೆ. ನಿನ್ನ ಇಂಟರ್ನಲ್ ಮಾರ್ಕ್ಸ್ ಭಯಕ್ಕೆ ಮದ್ದು ಇದೇ. ದೂರಿನ ಜೊತೆಗೇ ಇದನ್ನೂ ಬರೆದು ಕೇಳು.

ಕೊನೇ ಮೆಸೇಜ್ ಬಂದ ದಿನದಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯುವುದು ಕಷ್ಟ ಆದರೆ ಸಮಿತಿಯವರೇ ನೆರವಾಗಬೇಕು. 90 ದಿನದೊಳಗೆ ವಿಚಾರಣೆ ಮುಗಿಯಬೇಕು. ನಿನ್ನ ಹೆಸರು ಹೊರಗೆ ಬಿಡುವಂತಿಲ್ಲ. ಪೊಲೀಸ್ ದಾರಿ ಬೇರೆಯೇ ಇದೆ, ಅದನ್ನು ಯಾರೂ ಮುಚ್ಚಲು ಆಗುವುದಿಲ್ಲ.

ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಾಕಿರಬೇಕು. ಇಲ್ಲದಿದ್ದರೆ ಕೇಳು. ಸಮಿತಿಯನ್ನೇ ಮಾಡದ ಸಂಸ್ಥೆಗೆ 50,000 ರೂಪಾಯಿ ತನಕ ದಂಡ ಇದೆ. ಖಾಸಗಿ ಕಾಲೇಜಾಗಿದ್ದು, ದೂರು ಮಾಲೀಕರ ಮೇಲೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು.

ಇದನ್ನು ಆ ಮೇಡಂ ಓದುತ್ತಿದ್ದರೆ ಒಂದು ಮಾತು. "ದೊಡ್ಡದು ಮಾಡಬೇಡ" ಅಂತ ಹೇಳಲು ಮಹಿಳಾ ಘಟಕ ಬೇಕಿಲ್ಲ, ಅದನ್ನು ಊರೆಲ್ಲ ಹೇಳುತ್ತದೆ. ಹುಡುಗಿಯ ಜೊತೆ ಸಮಿತಿಯ ಬಾಗಿಲ ತನಕ ನಡೆದು ಹೋಗುವುದು ನಿಮ್ಮ ಕೆಲಸ.

ಪ್ರಶ್ನೆ: ನಮ್ಮ ಹಾಸ್ಟೆಲ್ ಗೇಟು ಸಂಜೆ ಆರೂವರೆಗೆ ಬಂದ್. ಹುಡುಗರದ್ದು ಒಂಬತ್ತೂವರೆ. ಲೈಬ್ರರಿ ಎಂಟರ ತನಕ ತೆರೆದಿರುತ್ತದೆ. ಕೇಳಿದರೆ "ನಿಮ್ಮ ಸುರಕ್ಷತೆಗೆ" ಅನ್ನುತ್ತಾರೆ.

ಅದೇ ಯುಜಿಸಿ ನಿಯಮ ಇದಕ್ಕೂ ಉತ್ತರ ಕೊಟ್ಟಿದೆ. ಸುರಕ್ಷತೆಯ ಹೆಸರು ಹೇಳಿ ಹುಡುಗಿಯರ ಹಾಸ್ಟೆಲ್‌ಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹೇರುವಂತಿಲ್ಲ ಅಂತ ಅದರಲ್ಲೇ ಇದೆ. 2015ರಲ್ಲಿ ದೆಹಲಿಯ ಕಾಲೇಜು ಹುಡುಗಿಯರು 'ಪಿಂಜ್ರಾ ತೋಡ್' (ಪಂಜರ ಮುರಿ) ಅಂತ ಬೀದಿಗೆ ಇಳಿದದ್ದು ಇದೇ ಗೇಟಿನ ವಿಷಯಕ್ಕೆ.

ನೀವು ಘೋಷಣೆಯಿಂದ ಶುರು ಮಾಡಬೇಡಿ. ಎರಡೂ ಹಾಸ್ಟೆಲ್‌ಗಳ ನಿಯಮಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಎರಡೂ ಕಾಗದ ಪಕ್ಕಪಕ್ಕ ಇಟ್ಟರೆ ವಾದದ ಅರ್ಧ ಕೆಲಸ ಮುಗಿಯಿತು. ಲೈಬ್ರರಿಯಿಂದ ಹಾಸ್ಟೆಲ್ ತನಕ ಎಲ್ಲೆಲ್ಲಿ ದೀಪ ಇಲ್ಲ ಅಂತ ಸಂಜೆ ಹೊತ್ತು ನಡೆದು ಪಟ್ಟಿ ಮಾಡಿ, ಅದನ್ನೂ ಸೇರಿಸಿ. ವಾರ್ಡನ್ ಮೇಲೆ ಹರಿಹಾಯಬೇಡಿ. ಆಕೆ ಸಾಮಾನ್ಯವಾಗಿ ಕಮ್ಮಿ ಸಂಬಳಕ್ಕೆ ಇಪ್ಪತ್ತನಾಲ್ಕು ಗಂಟೆ ಜವಾಬ್ದಾರಿ ಹೊತ್ತವಳು. ಏನಾದರೂ ಆದರೆ ಮೊದಲು ಆಕೆಯ ಕೆಲಸ ಹೋಗುತ್ತದೆ. ಅಪ್ಪ ಅಮ್ಮಂದಿರನ್ನು ಒಪ್ಪಿಸುವುದೇ ನಿಜವಾದ ಕಷ್ಟ. ನಾಲ್ಕೈದು ಪೋಷಕರ ಸಹಿಯಾದರೂ ಅರ್ಜಿಯಲ್ಲಿರಲಿ.

ಪ್ರಶ್ನೆ: ನಾನು ಬಿಎ ಓದುವ ಹುಡುಗ. ಮಹಿಳಾ ಘಟಕದ ಸಭೆಗೆ ಹೋಗಬಹುದಾ?

ಕರೆದಾಗ ಹೋಗಪ್ಪ. ಹೋಗಿ ಮೊದಲ ಕೆಲವು ಸಭೆ ಕೇಳಿಸಿಕೋ. ಕುರ್ಚಿ ಜೋಡಿಸುವ ಕೆಲಸ ಖಾಲಿ ಇದೆ. ಅಂದ ಹಾಗೆ, ಕಿರುಕುಳ ಆದ ಹುಡುಗರೂ ತೃತೀಯ ಲಿಂಗದ ವಿದ್ಯಾರ್ಥಿಗಳೂ ಯುಜಿಸಿ ನಿಯಮದ ಆಸರೆಗೆ ಬರುತ್ತಾರೆ. ನಿನ್ನ ಗೆಳೆಯರಿಗೆ ಹೇಳು.

ಪ್ರಶ್ನೆ: ಅಕ್ಕಾ, ನನ್ನ ಮಗಳು ಕಾಲೇಜಿನ ಮಹಿಳಾ ಘಟಕದ ಕಾರ್ಯದರ್ಶಿ ಆಗಿದ್ದಾಳೆ. ಆವಾಗಿನಿಂದ ಮನೆಯಲ್ಲಿ ಬರೀ ವಾದ. ಅಣ್ಣನೂ ತಟ್ಟೆ ತೊಳೆಯಲಿ ಅನ್ನುತ್ತಾಳೆ. ಮದುವೆ ಮಾತೆತ್ತಿದರೆ ಎಂಎ ಅರ್ಜಿ ತೋರಿಸುತ್ತಾಳೆ. ಇವರಪ್ಪ "ಅದನ್ನೆಲ್ಲ ಬಿಡಿಸು" ಅಂತಿದ್ದಾರೆ. ನನಗೆ ಎರಡೂ ಕಡೆ ಸರಿ ಅನ್ನಿಸುತ್ತೆ.

ಎರಡೂ ಕಡೆ ಸರಿ ಇಲ್ಲ ತಂಗಿ, ಒಂದು ಕಡೆ ಸರಿ ಇದೆ. ಯಾವುದು ಅಂತ ನಿಮಗೂ ಗೊತ್ತು. ಅದಕ್ಕೇ ಬರೆದಿದ್ದೀರಿ. ಬಿಡಿಸಬೇಡಿ. ಅವರಪ್ಪನನ್ನು ಒಮ್ಮೆ ಕಾಲೇಜಿಗೆ ಕರೆದುಕೊಂಡು ಹೋಗಿ, ಅವಳು ಬರೆದ ನಡಾವಳಿ ಪುಸ್ತಕ ತೋರಿಸಲು ಹೇಳಿ. ಮಗಳ ಸಹಿ ಆಫೀಸಿನ ಸೀಲಿನ ಪಕ್ಕ ಇರುವುದನ್ನು ಕಂಡು ಮೆತ್ತಗಾದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಎಲ್ಲರೂ ಆಗುವುದಿಲ್ಲ. ಎಂಎ ಅರ್ಜಿಗೆ ಕೊನೇ ದಿನಾಂಕ ಯಾವುದು ಅಂತ ಇವತ್ತೇ ಕೇಳಿಕೊಳ್ಳಿ, ಮನೆಯ ಜಗಳದಲ್ಲಿ ಅದು ದಾಟಿ ಹೋಗದಿರಲಿ. ತಟ್ಟೆಯನ್ನು ಅಣ್ಣ ತೊಳೆಯಲಿ ಬಿಡಿ.